ಎರಕಕ್ಕಲ್ಲದ ಹಡಗು

ಡೊಂಬಿವಲಿ ಪೂರ್ವದಲ್ಲಿರುವ ಸಿದ್ದಲಿಂಗಪ್ಪ ಬಡಿಗೇರರ ಮನೆಯ ಪರದೆಗಳು ನೆಲ ಗುಡಿಸುತ್ತವೆ. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಸಮವಸ್ತ್ರ ಯಾವ ವರ್ಷವೂ ಅವಳ ಮೈಗೆ ಸರಿಯಾಗಿ ಕೂತದ್ದಿಲ್ಲ, ಅಂಗಿಯೊಳಗೆ ಹುಡುಗಿಯನ್ನು ಹುಡುಕಬೇಕಾಗುತ್ತಿತ್ತು. ಅಡುಗೆಕಟ್ಟೆಯ ಕಲ್ಲನ್ನು ಅವರು ಹೇಳಿದ ಅಳತೆಗೆ ಕೊಯ್ಸಿ ತಂದರೆ ಅದು ಎರಡು ಗೋಡೆಗಳ ನಡುವೆ ಇಳಿಯಲೊಪ್ಪಲಿಲ್ಲ. ಕೊನೆಗೆ ಗೋಡೆಯನ್ನೇ ಕೆತ್ತಿದರು. ಅಳೆಯುವುದರಲ್ಲಿ ಅವರು ಸೋಮಾರಿಯಲ್ಲ, ಎರಡು ಸಲ ಅಳೆಯುವ ಮನುಷ್ಯ. ಅಳೆದಾದ ಮೇಲೆ ಬಾಯಲ್ಲಿ ಬರುವ ಲೆಕ್ಕ ಮಾತ್ರ ಯಾವಾಗಲೂ ತುಸು ಹಿಗ್ಗಿರುತ್ತದೆ.

“ನಮ್ಮನ್ಯಾಗ ಎಲ್ಲಾ ಒಂದ ನೂಲು ಹೆಚ್ಚರಿ,” ಎಂದು ಹೆಂಡತಿ ರತ್ನಾಬಾಯಿ ಬಂದವರೆದುರು ಹೇಳುತ್ತಾರೆ. ನೂಲೆಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಪಾಲು. “ಪಡದೇನೂ ಹಂಗ, ಇವರ ಸಿಟ್ಟೂ ಹಂಗ.”

ಇದು ಮರೆವಲ್ಲ, ಕಸುಬು. ಸಿದ್ದಲಿಂಗಪ್ಪ ನಿವೃತ್ತರಾಗುವ ತನಕ ಅಂಬರನಾಥದ ಒಂದು ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದವರು. ಕಬ್ಬಿಣದ ಪಂಪು ಆಗಬೇಕೆಂದರೆ ಮೊದಲು ಮರದ ಪಂಪು ಆಗಬೇಕು. ಅದೇ ಪ್ಯಾಟರ್ನು. ಅದನ್ನು ಮರಳಿನಲ್ಲಿ ಒತ್ತಿ ಮೆಲ್ಲಗೆ ಎತ್ತಿದರೆ ಮರಳಿನಲ್ಲಿ ಅದೇ ಆಕಾರದ ಪೊಳ್ಳು ಉಳಿಯುತ್ತದೆ, ಆ ಪೊಳ್ಳಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುತ್ತ ಆರುತ್ತ ಕುಗ್ಗುತ್ತದೆ, ಆಮೇಲೆ ಲೇಥಿಗೆ ಹಾಕಿ ಒಂದಿಷ್ಟು ಕೆರೆಯುವುದೂ ಇರುತ್ತದೆ. ಹಾಗಾಗಿ ಮರದ್ದು ಯಾವತ್ತೂ ಒಂದು ಕೈ ದೊಡ್ಡದಾಗಿರಬೇಕು. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ಕುಂಟೆ, ಕೂರಿಗೆ ಮಾಡುತ್ತಿದ್ದ ಮನೆತನದಿಂದ ಮೀಸೆ ಮೂಡದ ವಯಸ್ಸಿನಲ್ಲಿ ಬಂದವರು ಸಿದ್ದಲಿಂಗಪ್ಪ. ಆ ಹೆಚ್ಚಿನ ಲೆಕ್ಕ ಅವರ ಮೈಗೆ ಎಷ್ಟು ಹತ್ತಿತೆಂದರೆ ಹೆಂಡತಿಗೆ ಬಳೆ ತಂದರೂ ಅವು ಮೊಣಕೈವರೆಗೆ ಜಾರುತ್ತಿದ್ದವು.

ಕಸುಬಿನಲ್ಲಿ ಅವರಿಗೆ ಹೆಸರಿತ್ತು, ಇಲ್ಲವೆನ್ನುವಂತಿಲ್ಲ. ಕಾಡಿದ್ದು ಬೇರೆ. ಅವರು ವಾಸಿಸುವ ಹೌಸಿಂಗ್ ಸೊಸೈಟಿಯ ನೀರಿನ ಪಂಪು ಅವರ ಪ್ಯಾಟರ್ನಿನಿಂದ ಬಂದದ್ದೇ, ಆ ಉಬ್ಬು, ಆ ತಿರುವು ನೋಡಿದರೆ ಅವರಿಗೆ ಗೊತ್ತಾಗುತ್ತಿತ್ತು. ಆಗಾಗ ಹೋಗಿ ಸುಮ್ಮನೆ ನೋಡಿಕೊಂಡು ನಿಲ್ಲುವರು. ವಾಚ್‌ಮನ್ ಮಾತ್ರ ಇವರು ನೀರು ಬಿಟ್ಟಿಲ್ಲವೆಂದು ತಕರಾರು ತೆಗೆಯಲು ಬಂದಿದ್ದಾರೆಂದುಕೊಂಡು ಮರೆಯಾಗುತ್ತಿದ್ದ. ಆದರೆ ಆ ಪಂಪನ್ನು ‘ನಾನು ಮಾಡಿದ್ದು’ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮರಳು ಕಟ್ಟಿದವನು ಒಬ್ಬ, ಕಬ್ಬಿಣ ಹೊಯ್ದವನು ಒಬ್ಬ, ಕೆರೆದವನು, ಬಣ್ಣ ಬಳಿದವನು. ತಾನು ಮಾಡಿದ್ದು ಯಾವುದು ಎಂದು ಕೇಳಿಕೊಂಡರೆ ಆ ಪೊಳ್ಳು ಒಂದೇ, ಅದೂ ತುಂಬಿಹೋಗಿತ್ತು.

ಮರದ ಮೂಲಗಳಾದರೂ ಉಳಿಯಬೇಕಿತ್ತು. ಅವರು ನಿವೃತ್ತರಾದ ವರ್ಷವೇ ಕಾರ್ಖಾನೆ ಬೇರೆ ಊರಿಗೆ ಎದ್ದು ಹೋದಾಗ ಪ್ಯಾಟರ್ನುಗಳ ಕಪಾಟು ಖಾಲಿ ಮಾಡಿದರು. ಎಲ್ಲ ಒಂದೇ ಟೆಂಪೊದಲ್ಲಿ ಭಿವಂಡಿಯ ಬೇಕರಿಯೊಂದಕ್ಕೆ ಉರುವಲಾಗಿ ಹೋಯಿತು. “ಭಿವಂಡಿ ಮಂದಿ ನಮ್ಮ ಪಂಪಿನ ಮ್ಯಾಲೆ ಬೆಂದ ಪಾವು ತಿಂದ್ರು,” ಎಂದು ಸಿದ್ದಲಿಂಗಪ್ಪ ನಗೆಚಾಟಿಕೆ ಮಾಡುತ್ತಿದ್ದರು. ಆ ನಗೆಗೆ ರತ್ನಾಬಾಯಿ ಯಾವತ್ತೂ ನಗಲಿಲ್ಲ. ಗಂಡ ಅದಾದ ಮೇಲೆ ಉಳಿ ಮುಟ್ಟಲಿಲ್ಲವೆಂಬುದು ಆಕೆಗೆ ಗೊತ್ತಿತ್ತು. ಕೆಲಸದಲ್ಲಿದ್ದಾಗಲೂ ಮನೆಗೆಂದು ಅವರು ಒಂದು ಮಣೆ ಮಾಡಿದವರಲ್ಲ. ವಾರವೆಲ್ಲ ಮರದ ಮುಖ ನೋಡಿ ರವಿವಾರವೂ ಅದನ್ನೇ ನೋಡಲೇನು, ಎನ್ನುತ್ತಿದ್ದರು. ಹೀಗೆ ಇಷ್ಟು ವರ್ಷ ಕೈ ಸವೆಸಿದ ಮನುಷ್ಯನಿಗೆ ‘ಇದು ನಂದು, ಹಿಡಿದು ನೋಡು’ ಎಂದು ಇನ್ನೊಬ್ಬರ ಕೈಗಿಡಲು ಒಂದು ವಸ್ತುವೂ ಇರಲಿಲ್ಲ. ಅದರ ನೋವು ಅವರಿಗಿತ್ತು, ಚೆನ್ನಾಗಿಯೇ ಇತ್ತು.

ಹಡಗಿನ ಮಾತು ತಂದವಳು ಮಗಳು ಸ್ನೇಹಲ್. ಐರೋಲಿಯ ಕಚೇರಿಯೊಂದರಲ್ಲಿ ಕೆಲಸ. ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಅಪ್ಪ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಅಪ್ಪನಿಂದ ಏನಾದರೂ ಕೆಲಸವಾಗಬೇಕಿದ್ದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಾಳೆ. ರವಿವಾರಗಳಲ್ಲಿ ಅವಳೂ ಅವಳ ಗೆಳೆಯರೂ ಠಾಣೆಯ ಸುಜನ್ ಎಂಬವನ ಮನೆಯಲ್ಲಿ ಕೂಡಿ ಯುದ್ಧದಾಟ ಆಡುತ್ತಾರೆ. ದೊಡ್ಡ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದರೆ ಅದು ಸಮುದ್ರ, ಅದರ ಮೇಲೆ ಅಂಗೈಯುದ್ದದ ಹಡಗುಗಳು. ಗಾಳಿ ಎತ್ತ ಬೀಸಿತೆಂದು ದಾಳ ಹಾಕಿ ನೋಡುವುದು, ಗಾಳಿಗೆ ತಕ್ಕಂತೆ ಹಡಗನ್ನು ಸರಿಸುವುದು, ತೋಪು ಹಾರಿಸುವುದು, ಗುಂಡು ತಗಲಿತೋ ಇಲ್ಲವೋ ಎಂದು ಮತ್ತೆ ದಾಳ.

“ನಲವತ್ತಕ್ಕ ಬಂದವರೂ ಅದಾರಂತ ಅದರಾಗ,” ಎಂದು ರತ್ನಾಬಾಯಿ. “ಕುಂತು ಚೌಕಾಬಾರ ಆಡೂದು. ಅದಕ ಠಾಣೇಕ ಹೋಗಬೇಕನ.”

ಈ ಸಲದ ಯುದ್ಧ ಕೊಂಕಣದ ದಂಡೆಯದು, ಮರಾಠರ ಹಡಗುಗಳಿಗೂ ಇಂಗ್ಲಿಷ್ ಕಂಪನಿಯ ಹಡಗುಗಳಿಗೂ. ಕಂಪನಿಯವು ಪ್ಲಾಸ್ಟಿಕ್ಕಿನಲ್ಲಿ ಅಂಗಡಿಯಲ್ಲೇ ಸಿಗುತ್ತವೆ. ಈ ಕಡೆಯ ಗುರಾಬ್ ಮಾತ್ರ ಎಲ್ಲಿಯೂ ಸಿಗಲಿಲ್ಲ. ಮುಂದೆ ಕೊಕ್ಕಿನಂತೆ ಉದ್ದಕ್ಕೆ ಚಾಚಿದ ಮೂತಿ, ಮೂರು ಹಾಯಿಕಂಬ, ಅಂಥ ದೊಡ್ಡ ಕಾಳಗದ ಹಡಗು ಅದು.

“ಪಪ್ಪಾ, ಮಾಝಂ ಏಕ್ ಕಾಮ್ ಕರಾಲ್ ಕಾ?” ಎಂದು, ನನ್ನದೊಂದು ಕೆಲಸ ಮಾಡಿಕೊಡುವಿರಾ ಎಂದು ಮರಾಠಿಯಲ್ಲೇ ಶುರು ಮಾಡಿ, ಅಪ್ಪನ ಮುಖ ನೋಡಿ, ಸ್ನೇಹಲ್ ಕನ್ನಡಕ್ಕಿಳಿದಳು. “ಒಂದು ಹಡಗ ಮಾಡಿ ಕೊಡ್ರಿ ನನಗ.”

“ನಮ್ಮೂರ ಹೊಳಿನೂ ಬ್ಯಾಸಿಗ್ಯಾಗ ಬತ್ತತದವ್ವ. ಹಡಗಾ ನಾ ಎಲ್ಲಿ ಕಂಡೀನಿ.”

ಅವಳು ಫೋನಿನಲ್ಲಿ ನಕ್ಷೆ ತೋರಿಸಿದಳು. ಪಕ್ಕದಿಂದ, ಮೇಲಿಂದ, ಮುಂದಿನಿಂದ. ನಕ್ಷೆಯೆಂದರೆ ನಕ್ಷೆ, ಪಂಪಿನದಾದರೇನು ಹಡಗಿನದಾದರೇನು. ಸಿದ್ದಲಿಂಗಪ್ಪ ಕನ್ನಡಕ ಹಣೆಗೇರಿಸಿ ಅದನ್ನು ಕಣ್ಣಿನ ಹತ್ತಿರ ಹಿಡಿದರು.

“ಯಾತರಾಗ ಎರೀತೀರಿ ಇದನ್ನ? ಬೀಡುಕಬ್ಬಿಣದಾಗೋ ಅಲ್ಯುಮಿನಮ್ದಾಗೋ?”

“ಎರಿಯೂದಿಲ್ಲ ಪಪ್ಪಾ. ಲಾಕಡಾಚಂಚ್ ಪಾಹಿಜೆ. ಕಟ್ಟಿಗೀದ ಬೇಕು.”

“ಕಟ್ಟಿಗೀದು ತೊಗೊಂಡು ಏನ ಮಾಡ್ತೀರಿ?”

“ಏನ್ ಮಾಡೂದು? ಅದನ್ನ ಇಟ್ಟು ಆಡೂದು.”

ಸಿದ್ದಲಿಂಗಪ್ಪ ಫೋನು ವಾಪಸು ಕೊಟ್ಟು ಗ್ಯಾಲರಿಗೆ ಹೋಗಿ ನಿಂತರು. ಮರದ್ದೇ ಬೇಕು ಎಂದು ಅವರಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕುಡಿದವರೇ ಉಲ್ಲಾಸನಗರದ ಫರ್ನಿಚರ್ ಬಜಾರಿಗೆ ಹೋಗಿ, ಗಂಟಿಲ್ಲದ ಸಾಗವಾನಿಯ ತುಂಡೊಂದನ್ನು ಆರಿಸಿ ತಂದರು. ಅಟ್ಟದ ಮೇಲಿನ ಉಳಿಯ ಪೆಟ್ಟಿಗೆ ಕೆಳಗಿಳಿಯಿತು.

ಗ್ಯಾಲರಿಯಲ್ಲಿ ಒಣಹಾಕಿದ್ದ ಶಾವಿಗೆ ಒಳಗೆ ಬಂತು, ಮರದ ಹೊಟ್ಟು ಹೊರಗೆ ಹರಡಿತು. ಹಡಗಿನ ಅರ್ಧ ಭಾಗ ಮಾತ್ರ ಮಾಡಬೇಕಂತೆ, ನೀರಿನ ಮೇಲೆ ಕಾಣುವಷ್ಟು. ಕೆಳಗಿನದೆಲ್ಲಿ ಎಂದು ಕೇಳಿದರೆ, “ಅದು ಬಟ್ಟಿ ಕೆಳಗ ಅದ ಅಂತ ತಿಳ್ಕೋರಿ ಪಪ್ಪಾ,” ಎಂದಳು ಸ್ನೇಹಲ್. ಕಾಣದೆ ಇರುವುದು ಅವರಿಗೆ ಹೊಸತಲ್ಲ, ಒಪ್ಪಿಕೊಂಡರು. ಹಡಗಿನ ಮೈ ಹೇಗಿರುತ್ತದೋ ನೋಡೋಣವೆಂದು ಒಂದು ದಿನ ಕಲ್ಯಾಣದ ದುರ್ಗಾಡಿ ಹತ್ತಿರ, ಸಮುದ್ರದ ನೀರು ಒಳಗೆ ಚಾಚಿದ ಖಾಡಿಗೂ ಹೋಗಿಬಂದರು. ಅಲ್ಲಿ ಇದ್ದದ್ದು ಹಾಯಿಯೇ ಇಲ್ಲದ ಒಂದೆರಡು ಹಳೆಯ ದೋಣಿಗಳು. ಅವುಗಳ ಪಕ್ಕೆಯ ಬಾಗನ್ನೇ ಬಹಳ ಹೊತ್ತು ನೋಡಿ, ಪ್ಯಾಂಟಿನ ಅಂಚಿಗೆಲ್ಲ ಕೆಸರು ಮಾಡಿಕೊಂಡು ಬಂದರು.

ಹಾಯಿಗೆ ರತ್ನಾಬಾಯಿ ತಮ್ಮ ಹಳೆಯ ಬಿಳಿ ಲಂಗ ಹರಿದುಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ. ಗಾಳಿ ತುಂಬಿದಂತೆ ಹಾಯಿ ಉಬ್ಬಬೇಕೆಂದು ಗಂಡ ಒದ್ದಾಡುವುದನ್ನು ನೋಡಿ, ಬಟ್ಟೆಯನ್ನು ಅನ್ನದ ಗಂಜಿಯಲ್ಲಿ ಅದ್ದಿ, ಶರಬತ್ತಿನ ಬಾಟಲಿಗೆ ಸುತ್ತಿ ಬಿಸಿಲಿಗಿಟ್ಟರು. ಒಣಗಿ ಬಿಚ್ಚಿದಾಗ ಅದು ಉಬ್ಬಿಕೊಂಡೇ ಉಳಿಯಿತು. “ಹಡಗ ಮಾಡಾವ್ರಿಗೆ ಇಷ್ಟೂ ಗೊತ್ತಿಲ್ಲ,” ಎಂದು ಗೊಣಗಿದರೂ ಆಕೆಗೆ ಒಳಗೊಳಗೆ ಖುಷಿ. ಗಂಡ ಊಟಕ್ಕೆ ಕೂತಾಗ ತಾವಾಗಿ ಮಾತಾಡುತ್ತಿದ್ದರು. ಆ ಮನೆಯಲ್ಲಿ ಅದು ಹಬ್ಬಕ್ಕಿಂತ ಅಪರೂಪ.

ಚಮ್ಮಾರರ ಮೇಣದ ದಾರ ಹಗ್ಗವಾಯಿತು. ಮೈಗೆಲ್ಲ ಕೆಂಪು ಬಳಿದರು, ಮೇಲಿನ ಅಂಚಿಗೆ ಹಳದಿ ಪಟ್ಟಿ, ತೋಪಿನ ಕಿಂಡಿಗಳಿಗೆ ಕಪ್ಪು. ಸ್ನೇಹಲ್ ನೋಡಿ, “ಕಲರ್ ಕಸಲಾ ಭಾರಿ ದಿಲಾಯ್ ಪಪ್ಪಾ,” ಎಂದು ಬಣ್ಣ ಮೆಚ್ಚಿ ಕೂಗಿದ್ದಳು. ಬಣ್ಣ ಆರಿಸಲು ಸಿದ್ದಲಿಂಗಪ್ಪ ಹೆಚ್ಚೇನೂ ಯೋಚಿಸಿರಲಿಲ್ಲ, ಕೈ ತಾನಾಗಿಯೇ ಡಬ್ಬಿಗಳ ಕಡೆ ಹೋಗಿತ್ತು. ಮುಗಿದ ದಿನ ಹಡಗನ್ನು ಟಿ.ವಿ. ಪಕ್ಕದಲ್ಲಿಟ್ಟು ನಡುಮನೆಯಲ್ಲಿ ಕೂತರು. ಟಿ.ವಿ. ಹಚ್ಚಲಿಲ್ಲ.

ರವಿವಾರ ಅಪ್ಪ, ಮಗಳು ಇಬ್ಬರೂ ಠಾಣೆಗೆ ಹೊರಟರು. ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದುದರಿಂದ ಲೋಕಲ್ ತಡವಾಗಿ, ತುಂಬಿಕೊಂಡೇ ಬಂತು. ಸಿದ್ದಲಿಂಗಪ್ಪ ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆಯಿಟ್ಟುಕೊಂಡು ಎರಡೂ ಕೈಯಿಂದ ಅಡ್ಡ ಹಿಡಿದಿದ್ದರು. ಮೇಲೆ ಜೋತುಬಿದ್ದು ನಿಂತಿದ್ದವನೊಬ್ಬ, “ಕೇಕ್ ಹೈ ಕ್ಯಾ ಅಂಕಲ್?” ಎಂದು ಕೇಳಿದ.

“ಜಹಾಜ್ ಹೈ,” ಎಂದರು ಸಿದ್ದಲಿಂಗಪ್ಪ. ಅವರ ದನಿಯಲ್ಲಿದ್ದ ಗತ್ತು ಕೇಳಿ ಆ ಮನುಷ್ಯ ಅಷ್ಟು ಗದ್ದಲದಲ್ಲೂ ಅರ್ಧ ಹೆಜ್ಜೆ ಹಿಂದೆ ಸರಿದು ನಿಂತ.

ಸುಜನ್ ಉಡುಪಿ ಕಡೆಯವರ ಹುಡುಗ. ಅಪ್ಪನದು ಹೋಟೆಲು, ಇವನದು ರೆಸಿನ್ ಎಂಬ ಪ್ಲಾಸ್ಟಿಕ್ ದ್ರವದಲ್ಲಿ ಎರಕ ಹೊಯ್ದು ಟ್ರೋಫಿ, ಸ್ಮರಣಿಕೆ ಮಾಡುವ ಸಣ್ಣ ವ್ಯವಹಾರ. ನಗುಮುಖದವನು. ಬಂದವರಿಗೆ ಕಾಫಿ ಕೊಟ್ಟು, ಪೆಟ್ಟಿಗೆಯಿಂದ ಹಡಗು ಹೊರಬಂದಾಗ ಎರಡೂ ಕೈ ಚಾಚಿ ತೆಗೆದುಕೊಂಡ. ಮೇಜಿನ ಸುತ್ತ ಇದ್ದ ಇನ್ನಿಬ್ಬರು ಆಟಗಾರರು ಎದ್ದು ಬಂದು ಫೋಟೊ ಹೊಡೆದರು. ಸಿದ್ದಲಿಂಗಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರು ನೋಡಿದರು.

ಪ್ರತಿ ಹಡಗಿನಡಿಯೂ ಒಂದು ನೀಲಿ ತಗಡಿನ ತಟ್ಟೆ ಇಡುವ ಪದ್ಧತಿ, ಅದನ್ನು ಹಿಡಿದು ಹಡಗನ್ನು ಸರಿಸುವುದು. ಗುರಾಬಿಗೆಂದು ಮೊದಲೇ ಕತ್ತರಿಸಿಟ್ಟ ತಟ್ಟೆಯ ಮೇಲೆ ಇಟ್ಟರೆ ಹಡಗು ಎರಡೂ ತುದಿಯಲ್ಲಿ ಚಾಚಿ ನಿಂತಿತು. “ಪಪ್ಪಾ, ಒಂದ ನೂಲು ಹೆಚ್ಚು,” ಎಂದು ಸ್ನೇಹಲ್ ನಕ್ಕಳು. ಅವರೂ ನಕ್ಕರು.

ಸುಜನ್ ತಟ್ಟೆ ತೆಗೆಯಲು ಹಡಗನ್ನು ಎತ್ತಿ ಮಗುಚಿದ. ಅವನ ಹೆಬ್ಬೆರಳು ಎಲ್ಲೋ ಒತ್ತಿರಬೇಕು. ಟಿಕ್ ಎಂದು ಸಣ್ಣ ಸದ್ದಾಗಿ ಹಡಗಿನ ತಳದಲ್ಲಿ, ಮೂತಿಯಿಂದ ಹಿಂಭಾಗದವರೆಗೆ, ಕೂದಲೆಳೆಯಂಥ ಒಂದು ಗೆರೆ ಬಾಯಿ ಬಿಟ್ಟಿತು. ಸಿದ್ದಲಿಂಗಪ್ಪ ಹಡಗನ್ನು ಉದ್ದಕ್ಕೆ ಎರಡು ಹೋಳಾಗಿ ಮಾಡಿ, ನಡುವೆ ಸಣ್ಣ ಗೂಟ ಕೊಟ್ಟು ಕೂಡಿಸಿದ್ದರು, ಅಂಟು ಹಾಕದೆ, ಬೇಕೆಂದಾಗ ಬಿಚ್ಚಿ ಬರುವಂತೆ. ಹೊಟ್ಟೆ ಉಬ್ಬಿದ ಯಾವುದನ್ನೂ ಅವರು ಬೇರೆ ರೀತಿ ಮಾಡಿದ್ದೇ ಇಲ್ಲ, ಇಡಿಯಾಗಿದ್ದರೆ ಅದು ಮರಳಿನಿಂದ ಹೊರಗೆ ಬರುವುದಿಲ್ಲ.

ಸುಜನ್ ಆ ಗೆರೆ ನೋಡಿದ, ಅಚ್ಚಿನಿಂದ ಸಲೀಸಾಗಿ ಬಿಟ್ಟು ಬರಲೆಂದು ಕೊಟ್ಟ ಬದಿಗಳ ಓರೆ ನೋಡಿದ, ಒಳಮೂಲೆಗಳಿಗೆಲ್ಲ ಮೇಣ ತುಂಬಿ ದುಂಡಗೆ ಮಾಡಿದ್ದನ್ನು ಉಗುರಿನಿಂದ ಮುಟ್ಟಿದ. ಅವನ ಮುಖ ಅರಳಿತು.

“ಅಂಕಲ್, ನೀವು ಇದನ್ನು ಎರಕಕ್ಕೆ ಅಂತಲೇ ಮಾಡಿದ್ದಲ್ವಾ? ಎಂಥ ಕೆಲಸ ಮಾರಾಯ್ರೆ. ನಾನೇ ಕೇಳುವಾ ಅಂತಿದ್ದೆ, ನೀವು ಮೊದಲೇ ಆಲೋಚನೆ ಮಾಡಿದ್ದೀರಿ.”

ಸಿದ್ದಲಿಂಗಪ್ಪ ಹಡಗನ್ನೇ ನೋಡಿದರು. ಕೆಂಪೆಂದರೆ ಎರಕ ಹೊಯ್ದಮೇಲೆ ಹಾಗೇ ಬಿಡುವ ಮೈ. ಹಳದಿಯೆಂದರೆ ಲೇಥಿಗೆ ಹೋಗುವ ಮೈ. ಕಪ್ಪೆಂದರೆ ತೂತು ಬೀಳುವ ಜಾಗ. ಮರಳು ಕಟ್ಟುವವನಿಗೆ ತಿಳಿಯಲೆಂದು ಕಾರ್ಖಾನೆಯಲ್ಲಿ ಪ್ಯಾಟರ್ನಿಗೆ ಬಳಿಯುವ ಬಣ್ಣಗಳೇ ಅವು, ಒಂದೂ ತಪ್ಪಿರಲಿಲ್ಲ. ಇದು ಪ್ಯಾಟರ್ನಲ್ಲ, ಇದು ಪ್ಯಾಟರ್ನಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಲೇ ಅವರು ಪ್ಯಾಟರ್ನು ಮಾಡಿ ಮುಗಿಸಿದ್ದರು. ಕೈಗಳು ಒಂದು ಮಾತೂ ಕೇಳದೆ ತಮ್ಮ ಪಾಡಿಗೆ ತಾವು ಹಳೆಯ ನೌಕರಿ ಮಾಡಿದ್ದವು. ಅವರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಅವರಿಗೇ ಸ್ಪಷ್ಟವಿರಲಿಲ್ಲ.

ಸುಜನ್‌ಗೆ ಇದೇನೂ ಗೊತ್ತಿಲ್ಲ. ಅವನು ಉತ್ಸಾಹದಲ್ಲಿ ಹೇಳುತ್ತಿದ್ದ. ರಬ್ಬರಿನ ಅಚ್ಚು ತೆಗೆದರೆ ಬೇಕಾದಷ್ಟು ಗುರಾಬ್ ಹೊಯ್ಯಬಹುದು, ಪುಣೆಯಲ್ಲಿ ಆಡುವವರಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಎಲ್ಲರೂ ಕಾಯುತ್ತಿದ್ದಾರೆ. “ಒಂದೇ ಹಡಗು ಒಂದೇ ಮೇಜಿನ ಮೇಲೆ ಇದ್ದು ಎಂಥ ಪ್ರಯೋಜನ ಅಂಕಲ್? ಅಚ್ಚು ತೆಗೆದರೆ ನಿಮ್ಮ ಹಡಗು ಎಷ್ಟು ಊರಿಗೆ ಹೋಗ್ತದೆ ನೋಡಿ.”

ಮಾತಿನಲ್ಲಿ ಹುರುಳಿತ್ತು. ಸಿದ್ದಲಿಂಗಪ್ಪ ಜೀವಮಾನವೆಲ್ಲ ನಂಬಿ ಬಾಳಿದ ಮಾತೇ ಅದು, ಒಂದರಿಂದ ಸಾವಿರ ಆಗುವುದು. ಬಾಯಿ ಆಗಲೇ ‘ಹೂಂ’ ಎನ್ನಲು ತೆರೆದಿತ್ತು. ಸ್ನೇಹಲ್ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳ ನಗು ಯಾವಾಗಲೋ ನಿಂತಿತ್ತು.

“ಅಚ್ಚಿಗೆ ಮೈ ಮಾತ್ರ ಸಾಕು,” ಎಂದ ಸುಜನ್. “ಈ ಕಂಬ, ಹಾಯಿ, ಹಗ್ಗ ಎಲ್ಲ ತೆಗೀತೇನೆ. ಅಚ್ಚಾದ ಮೇಲೆ ಮರದ್ದನ್ನು ಜಾಗ್ರತೆ ಕಪಾಟಿನಲ್ಲಿ ಇಡ್ತೇನೆ ಅಂಕಲ್, ನೀವು ಹೆದರ್ಬೇಡಿ.” ಹೇಳುತ್ತಲೇ ಒಂದು ಹಗ್ಗದ ಗಂಟಿಗೆ ಉಗುರು ಹಾಕಿದ.

“ಬಿಡು ಅದನ್ನ.”

ಸಿದ್ದಲಿಂಗಪ್ಪ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಎಲ್ಲರೂ ತಿರುಗಿ ನೋಡಿದರು. ಸುಜನ್ ಹಡಗನ್ನು ಮೆಲ್ಲಗೆ ಅವರ ಮುಂದಿಟ್ಟ.

“ಕೊಡೂದಿಲ್ಲಪಾ ಇದನ್ನ,” ಎಂದರು ಅವರು. “ಬೈಬ್ಯಾಡ ನನಗ. ನಿಂದೇನೂ ತಪ್ಪಿಲ್ಲ, ತಪ್ಪು ನಂದ. ಅಚ್ಚಿಗೆ ಬೇಕಾದ್ರ ಬ್ಯಾರೆ ಮಾಡಿ ಕೊಡ್ತೀನಿ, ಎಷ್ಟು ಬೇಕು ಅಷ್ಟು ಹೊಯ್ಕೋ. ಇದು ಮಾತ್ರ ಬ್ಯಾಡ.” ಹಡಗನ್ನು ತಮ್ಮ ಕಡೆಗೆ ಎಳೆದುಕೊಂಡು, “ಫೆವಿಕಾಲ್ ಅದ ಏನು ಮನ್ಯಾಗ?” ಎಂದು ಕೇಳಿದರು.

ಸುಜನ್ ಒಳಗಿನಿಂದ ತಂದುಕೊಟ್ಟ. ಸಿದ್ದಲಿಂಗಪ್ಪ ಒಂದು ಬದಿಯ ಹಗ್ಗಗಳನ್ನು ಒಂದೊಂದಾಗಿ ಸಡಿಲಿಸಿ, ಹಡಗನ್ನು ಎರಡಾಗಿ ತೆರೆದು ಮೇಜಿನ ಮೇಲೆ ಮಲಗಿಸಿದರು. ಕಂಬಗಳೆಲ್ಲ ಎಡ ಹೋಳಿನಲ್ಲಿ ನಿಂತವು. ಬಲ ಹೋಳು ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಯ ಭಾಗದಂತೆ ಬಿದ್ದುಕೊಂಡಿತ್ತು. ಕೂಡುವ ಆ ಎರಡು ಮುಖಗಳನ್ನು ಅವರು ಕನ್ನಡಿಯಂತೆ ನಯ ಮಾಡಿದ್ದರು, ಎಷ್ಟು ಸಲ ಬಿಚ್ಚಿದರೂ ಸವೆಯಬಾರದೆಂದು. ಅಲ್ಲಿ ಅಂಟು ಬೀಳುವುದೆಂದರೆ ಅವರ ಕಸುಬಿನಲ್ಲಿ ಮಹಾಪರಾಧ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಗೆರೆಯ ಮೇಲೆ ಮೇಣದ ಹನಿ ಬಿದ್ದದ್ದಕ್ಕೆ ಉಸ್ತಾದರಿಂದ ಕಪಾಳಕ್ಕೆ ತಿಂದವರು ಅವರು. ಬೆರಳ ತುದಿಯಲ್ಲಿ ಅಂಟು ಹಿಡಿದುಕೊಂಡು ಅವರ ಕೈ ಅಲ್ಲೇ ನಿಂತಿತು. ಸ್ನೇಹಲ್ ಹತ್ತಿರ ಬಂದು ಪಕ್ಕದಲ್ಲಿ ನಿಂತಳು.

ಸಿದ್ದಲಿಂಗಪ್ಪ ಅಂಟು ಹಚ್ಚಿದರು. ಈ ತುದಿಯಿಂದ ಆ ತುದಿಯವರೆಗೆ, ಒಂದು ಕಡೆಯೂ ಬಿಡದೆ. ಎರಡೂ ಹೋಳು ಕೂಡಿಸಿ, ಗೂಟ ಕೂತದ್ದನ್ನು ಕಿವಿಯಿಂದ ಕೇಳಿ, ಅಂಗೈಗಳ ನಡುವೆ ಒತ್ತಿ ಹಿಡಿದರು. ಗೆರೆಯ ಉದ್ದಕ್ಕೂ ಬಿಳಿಯ ಅಂಟು ಸಣ್ಣಗೆ ಉಕ್ಕಿ ಬಂತು. ಸ್ನೇಹಲ್ ತನ್ನ ಕರವಸ್ತ್ರದಿಂದ ಅದನ್ನು ಒರೆಸಿದಳು.

“ಎಷ್ಟು ಹೊತ್ತು ಹಿಡೀಬೇಕು ಪಪ್ಪಾ?”

“ಕೂಡೂ ತನಕ.”

“ನೀವು ಆಡ್ರಿ,” ಎಂದು ಉಳಿದವರಿಗೆ ಹೇಳಿದರು ಅವರು. ಯಾರೂ ಆಡಲಿಲ್ಲ. ಸುಜನ್ ಹೊಸ ತಗಡು ತಂದು, ಹಡಗು ಇದ್ದಷ್ಟೇ ಉದ್ದಕ್ಕೆ ಗೆರೆ ಎಳೆದು, ತಟ್ಟೆ ಕತ್ತರಿಸಲು ಕುಳಿತ. ಸಿದ್ದಲಿಂಗಪ್ಪ ಎದೆಗೆ ಹತ್ತಿರವಾಗಿ ಹಡಗನ್ನು ಒತ್ತಿ ಹಿಡಿದು ಕುರ್ಚಿಯಲ್ಲಿ ಕೂತೇ ಇದ್ದರು. ತೋಳು ನೋಯತೊಡಗಿತು, ಸಡಿಲ ಬಿಡಲಿಲ್ಲ. ಇಷ್ಟು ವರ್ಷ ಅವರು ಮಾಡಿದ ವಸ್ತುಗಳೆಲ್ಲ ಎರಡಾಗಿಯೇ ಬದುಕಿ, ಎರಡಾಗಿಯೇ ಒಲೆಗೆ ಹೋಗಿದ್ದವು. ಇದು ಕೈಯೊಳಗೆ ಒಂದಾಗುತ್ತಿತ್ತು, ಅದು ಅವರ ಅಂಗೈಗೆ ತಿಳಿಯುತ್ತಿತ್ತು.

ಅಂಟು ಕೂತಿತು. ಹಗ್ಗಗಳನ್ನು ಮತ್ತೆ ಬಿಗಿದು ಕಟ್ಟಿದರು. ಸುಜನ್ ಹೊಸ ತಟ್ಟೆಯನ್ನು ಸಮುದ್ರದ ಮೇಲಿಟ್ಟ, ಸಿದ್ದಲಿಂಗಪ್ಪ ಅದರ ಮೇಲೆ ಹಡಗನ್ನು ಇಳಿಸಿದರು. ಗಾಳಿಯ ದಾಳ ಹಾಕುವ ಮೊದಲು ಸ್ನೇಹಲ್ ಹಡಗನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಬಿಚ್ಚಿ ಬರುವುದೋ ಎಂದು ಎಳೆದು ನೋಡಿದಳು. ಬರಲಿಲ್ಲ.